ಮಣ್ಣು ಕಟ್ಟಿಕೊಂಡು ಮಲಗುವ ಸೀತು

ರಾತ್ರಿ ಎರಡೂವರೆಯ ಹೊತ್ತು. ನರಿಮೊಗರಿನ ಎರಡು ಕೋಣೆಯ ಹಂಚಿನ ಮನೆಯೊಳಗೆ ಒಂದು ಸಣ್ಣ ಸದ್ದು ಕೇಳುತ್ತದೆ. ಪರ, ಪರ, ಪರ. ಈ ಮನೆಗೆ ಹೊಸಬರಾದರೆ ಇಲಿ ಗೋಣಿ ಕೆರೆಯುತ್ತಿದೆ ಎಂದುಕೊಂಡಾರು. ಚನಿಯಪ್ಪನವರಿಗೆ ಅದು ಹೊಸದಲ್ಲ. ಅವರು ಮಗ್ಗುಲು ಬದಲಿಸದೆ, ಕಣ್ಣನ್ನೂ ತೆರೆಯದೆ ಹೆಂಡತಿಯನ್ನು ಕೇಳುತ್ತಾರೆ:

"ತುರಿಸ್ತಾ ಉಂಟಾ?"

"ಹೂಂ."

"ಹಾಗಾದ್ರೆ ಆ ಜಾಗ ಆಗ್ಲಿಲ್ಲ."

"ಆಗ್ಲಿಲ್ಲ. ನೀವು ಮಲಗಿ."

ಸದ್ದು ಸೀತುವಿನ ಉಗುರಿನದು. ನಿದ್ದೆಯಲ್ಲೇ ಅವರ ಕೈ ಎಡಮಂಡಿಯ ಹಿಂಭಾಗಕ್ಕೆ ಹೋಗಿರುತ್ತದೆ. ಎಚ್ಚರವಾದ ಮೇಲೆ ಆ ಕೈಯನ್ನು ತಲೆದಿಂಬಿನ ಅಡಿಗೆ ಸೇರಿಸಿ, ಅದರ ಮೇಲೆ ತಲೆಯಿಟ್ಟು ಮಲಗುತ್ತಾರೆ. ಬೆಳಗಾಗುವ ಮುಂಚೆ ಕಟ್ಟು ಬಿಚ್ಚುವಂತಿಲ್ಲ. ಅದು ಅವರೇ ಹಾಕಿಕೊಂಡ ನಿಯಮ.

ಐದು ಗಂಟೆಗೆ ಚಿಮಿಣಿ ದೀಪ ಹಚ್ಚಿ ಅಡುಗೆಕೋಣೆಯ ಹೊಸ್ತಿಲಲ್ಲಿ ಕುಳಿತು ಕಟ್ಟು ಬಿಚ್ಚುತ್ತಾರೆ. ಮೇಲೆ ಹಳೆಯ ಪಂಚೆಯ ಪಟ್ಟಿ, ಅದರ ಕೆಳಗೆ ಉಪ್ಪಳಿಗೆ ಮರದ ಅಗಲ ಎಲೆ, ಎಲೆಯ ಕೆಳಗೆ ನೆಲ್ಲಿಕಾಯಿಯಷ್ಟು ಒದ್ದೆ ಮಣ್ಣು. ಮಣ್ಣನ್ನು ಗೆರಟೆಯ ಚೂರಿನಿಂದ ಕೆರೆದು ತೆಗೆದು, ಬೆಚ್ಚಗಿನ ನೀರಿನಲ್ಲಿ ತೊಳೆದು, ದೀಪವನ್ನು ಹತ್ತಿರ ತಂದು ನೋಡುತ್ತಾರೆ. ಚರ್ಮ ಕೆಂಪಾಗಿದೆ. ಅಂಚಿನಲ್ಲಿ ಸಾಸಿವೆ ಕಾಳಿನಂಥ ಮೂರು ಬೊಕ್ಕೆಗಳಿವೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಅಂಕಿಯ ಕೆಳಗೆ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಾರೆ. ಸುಳ್ಯದ ಜಾಗದಲ್ಲಿ ಹದಿನಾಲ್ಕನೆಯ ಚೌಕವನ್ನು ಇನ್ನೊಂದು ಅಡಿ ಅಗೆಯಬೇಕು ಎಂದು ಅದರ ಅರ್ಥ.

ಆರೂ ಇಪ್ಪತ್ತರ ಬಸ್ಸಿಗೆ ಅವರು ಪುತ್ತೂರಿಗೆ, ಅಲ್ಲಿಂದ ಸುಳ್ಯಕ್ಕೆ ಹೋಗುತ್ತಾರೆ. ಅಲ್ಲಿ ಪೇಟೆಯ ನಡುವೆ ಗೇರುಬೀಜದ ಸಿಪ್ಪೆ ರಾಶಿ ಹಾಕುತ್ತಿದ್ದ ಒಂದು ಹಳೆಯ ಅಂಗಳವಿದೆ. ಅದನ್ನು ಕೊಂಡವರಿಗೆ ಮಹಡಿ ಕಟ್ಟುವ ಆಸೆ, ಅದಕ್ಕೆ ಬ್ಯಾಂಕಿನ ಸಾಲ ಬೇಕು, ಸಾಲ ಸಿಗಬೇಕಾದರೆ ಮಣ್ಣು ಸುಡಬಾರದು. ಸುಡುತ್ತದೆಯೋ ಇಲ್ಲವೋ ಎಂದು ಹೇಳುವವರು ಸೀತು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಚೌಕಕ್ಕೆ ಅವರಿಗೆ ಹನ್ನೆರಡು ರೂಪಾಯಿ. ಬ್ಯಾಂಕಿನ ಫೈಲಿನಲ್ಲಿ ಕೊನೆಗೆ ಬರುವ ಮಾತು ಇಷ್ಟೇ: 'ಸ್ಥಳ ಪರಿಶೀಲಿಸಲಾಗಿದೆ, ಮಣ್ಣು ಕಟ್ಟಡಕ್ಕೆ ಯೋಗ್ಯವಾಗಿದೆ.' ಯಾರು ಪರಿಶೀಲಿಸಿದರು, ಯಾವುದರಿಂದ ಪರಿಶೀಲಿಸಿದರು ಎಂದು ಅದರಲ್ಲಿ ಇರುವುದಿಲ್ಲ.

ಗೇರುಬೀಜದ ಸಿಪ್ಪೆಯೊಳಗೆ ಒಂದು ಕಪ್ಪು ಎಣ್ಣೆ ಇರುತ್ತದೆ ಎಂಬುದು ಈ ಕಡೆಯ ಮಕ್ಕಳಿಗೂ ಗೊತ್ತು. ಹಸಿ ಬೀಜ ಕಚ್ಚಿದರೆ ತುಟಿ ಸುಡುತ್ತದೆ. ಒಂದು ಬೀಜದ ಎಣ್ಣೆಗೆ ಹೀಗಾದರೆ, ಇಪ್ಪತ್ತು ವರ್ಷ ದಿನವೂ ಪೀಪಾಯಿಗಟ್ಟಲೆ ಎಣ್ಣೆ ಕುಡಿದ ನೆಲ ಹೇಗಿರಬೇಡ? ಅಲ್ಲಿ ಹುಲ್ಲು ಬರುವುದಿಲ್ಲ. ಬಾವಿಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪದರ ನಿಲ್ಲುತ್ತದೆ. ಅದನ್ನು ದಾಟಿದ ದನಗಳು ಗೊರಸು ನೆಕ್ಕಿ ಬಾಯಿ ಹುಣ್ಣು ಮಾಡಿಕೊಳ್ಳುತ್ತವೆ. ಪುತ್ತೂರು ಪೇಟೆಯೊಳಗೆ, ಸಂತೆಯ ಹಿಂದಿನ ಓಣಿಯಲ್ಲಿ ಅಂಥ ನಲವತ್ತೆರಡು ಸೆಂಟ್ಸ್ ಜಾಗವಿತ್ತು. ಸೀತು ಈ ಕೆಲಸ ಕಲಿತದ್ದು ಅಲ್ಲಿ. ಕಲಿತದ್ದು ಎನ್ನುವುದಕ್ಕಿಂತ, ಅದು ಅವರ ಮೈಮೇಲೆ ಬಂತು ಎನ್ನುವುದು ಸರಿ.

ಆ ಜಾಗದಲ್ಲಿದ್ದ ಕಾರ್ಖಾನೆಯಲ್ಲಿ ಸೀತು ಹದಿಮೂರನೆಯ ವಯಸ್ಸಿನಿಂದ ಬೀಜ ಒಡೆದವರು. ಕೈಗೆ ಬೂದಿ ಹಚ್ಚಿಕೊಂಡು ಕೂತರೆ ದಿನಕ್ಕೆ ಒಂಬತ್ತು ಗಂಟೆ. ಬೂದಿ ಬೆವರಿಗೆ ಕರಗಿದಾಗ ಎಣ್ಣೆ ಚರ್ಮಕ್ಕೆ ಇಳಿಯುತ್ತದೆ. ಅಂಗೈ ಮೊದಲು ಸುಲಿಯುತ್ತದೆ, ಆಮೇಲೆ ಕಪ್ಪಾಗುತ್ತದೆ, ಕೊನೆಗೆ ಚಪ್ಪಲಿಯ ಅಟ್ಟೆಯಂತಾಗಿ ಏನೂ ಗೊತ್ತಾಗದೆ ಹೋಗುತ್ತದೆ. ಪಕ್ಕದ ಮಣೆಯಲ್ಲಿ ಕೂರುತ್ತಿದ್ದವರು ಸಾರಮ್ಮ, ಓಣಿಯ ತುದಿಯ ಬ್ಯಾರಿ ಮನೆಯವರು. ಸಾರಮ್ಮನ ಮೈಗೆ ಈ ಎಣ್ಣೆ ಸ್ವಲ್ಪವೂ ಆಗುತ್ತಿರಲಿಲ್ಲ. ಸೇರಿದ ಮೂರನೆಯ ವಾರ ಮುಖ ಊದಿ ಕಣ್ಣು ಮುಚ್ಚಿಹೋಗಿ, ಮೇಸ್ತ್ರಿ ಅವರನ್ನು ಎಣ್ಣೆ ಇಲ್ಲದ, ಒಳಸಿಪ್ಪೆ ತೆಗೆಯುವ ಕೋಣೆಗೆ ಹಾಕಿದ. "ನನ್ನ ಮುಖ ನೋಡಿ ಹೆದರಿ ಪ್ರಮೋಷನ್ ಕೊಟ್ಟದ್ದು," ಎಂದು ಸಾರಮ್ಮ ಹೇಳಿಕೊಂಡು ನಗುತ್ತಿದ್ದರಂತೆ.

ಕಾರ್ಖಾನೆ ಎಪ್ಪತ್ತನಾಲ್ಕರಲ್ಲಿ ಬಾಗಿಲು ಹಾಕಿತು. ಇಪ್ಪತ್ತೆರಡು ಹೆಂಗಸರಿಗೆ ಹದಿನಾಲ್ಕು ತಿಂಗಳ ಸಂಬಳ ಬಾಕಿ. ಏಳು ವರ್ಷ ಕೇಸು ನಡೆದು ರಾಜಿಯಾದಾಗ ಅವರ ಕೈಗೆ ಬಂದದ್ದು ಹಣವಲ್ಲ, ಆ ಜಾಗ. ಪೇಟೆಯ ನಡುವೆ ನಲವತ್ತೆರಡು ಸೆಂಟ್ಸ್ ಎಂದರೆ ಕೇಳುವುದಕ್ಕೆ ದೊಡ್ಡದು. ಬಿಟ್ಟಿ ಕೊಟ್ಟರೂ ಬೇಡ ಎನ್ನುವ ಜಾಗ ಅದು ಎಂದು ಕೊಟ್ಟವರಿಗೆ ಗೊತ್ತಿತ್ತು, ಪಡೆದವರಿಗೂ ಗೊತ್ತಿತ್ತು.

ಅವರಲ್ಲಿ ಸರಿಯಾಗಿ ಓದು ಬರಹ ಬಲ್ಲವರು ಆಲೀಸ್ ಒಬ್ಬರೇ. ಕೇರಳದಿಂದ ಬಂದು ಇಚಿಲಂಪಾಡಿಯಲ್ಲಿ ನೆಲೆಸಿದ ಮನೆತನದ ಮಗಳು, ಕಾರ್ಖಾನೆಯಲ್ಲಿ ತೂಕ ಬರೆಯುತ್ತಿದ್ದವರು. ಎಲ್ಲರ ಬಾಯಲ್ಲಿ ಆಲೀಸ್ ಚೇಚಿ, ಮಲೆಯಾಳದಲ್ಲಿ ಅಕ್ಕ. ಅವರು ಹೆಂಗಸರನ್ನೆಲ್ಲ ಸೇರಿಸಿ ಒಂದು ಸಂಘ ಮಾಡಿದರು. ಜಾಗ ಶುದ್ಧ ಮಾಡುವುದು, ರಸ್ತೆಯ ಬದಿಗೆ ಒಂಬತ್ತು ಅಂಗಡಿ ಕೋಣೆ ಕಟ್ಟಿ ಬಾಡಿಗೆಗೆ ಕೊಡುವುದು, ಬಾಡಿಗೆಯಿಂದ ಸಾಲ ತೀರಿಸುವುದು, ಸಾಲ ತೀರಿದ ಮೇಲೆ ಇಪ್ಪತ್ತೆರಡು ಪಾಲು. ಲೆಕ್ಕ ಕಾಗದದ ಮೇಲೆ ಸರಿಯಾಗಿತ್ತು. ಆದರೆ ಸಾಲಕ್ಕೆ ಅಡವು ಇಡಲು ಆ ಜಾಗ ಬಿಟ್ಟರೆ ಬೇರೇನೂ ಇರಲಿಲ್ಲ. ಕಪ್ಪಾಗಿರುವ ತನಕ ಅದಕ್ಕೆ ಬೆಲೆಯೇ ಇಲ್ಲ. ಬೆಲೆ ಬರಬೇಕಾದರೆ ಮೊದಲು ಸಾಲದ ಹಣ ಸುರಿಯಬೇಕು. ಯಾವ ಬ್ಯಾಂಕು ಕೊಟ್ಟೀತು?

ಕೊಡಿಸಿದವರು ಕೃಷ್ಣಮೋಹನ ಎಂಬ ಫೀಲ್ಡ್ ಆಫೀಸರು. ಆಗ ಅವರಿಗೆ ಮೂವತ್ತೊಂದು ವರ್ಷ. ಮ್ಯಾನೇಜರರ ಎದುರು ಎರಡು ತಿಂಗಳು ವಾದ ಮಾಡಿ, ಎಂಬತ್ತೆರಡರ ದೀಪಾವಳಿಯ ಹೊತ್ತಿಗೆ ಅರವತ್ತೈದು ಸಾವಿರ ಮಂಜೂರು ಮಾಡಿಸಿದರು. ಕೊಡುವುದು ಮೂರು ಕಂತಿನಲ್ಲಿ. ಮೊದಲ ಇಪ್ಪತ್ತು ಸಾವಿರ ಕಪ್ಪು ಮಣ್ಣು ತೆಗೆಯಲಿಕ್ಕೆ. ಮಾರ್ಚ್ ಮೂವತ್ತೊಂದರ ಒಳಗೆ ಜಾಗ ಶುದ್ಧವಾದ ಬಗ್ಗೆ ಪತ್ರ ಕೊಟ್ಟರೆ ಅಡಿಪಾಯದ ಪಂಚಾಂಗಕ್ಕೂ ಗೋಡೆಗೂ ಇಪ್ಪತ್ತೈದು. ಮಾಡಿನ ಹಂಚಿಗೆ ಕೊನೆಯ ಇಪ್ಪತ್ತು. ಪತ್ರ ಬರದಿದ್ದರೆ ಮಂಜೂರಾತಿ ರದ್ದು, ಕೊಟ್ಟದ್ದು ಕೂಡಲೇ ವಾಪಸು.

ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವ ದಿನ ಒಂದು ತಾಪತ್ರಯವಾಯಿತು. ಒತ್ತಿದಲ್ಲೆಲ್ಲ ಬರಿಯ ಶಾಯಿಯ ಬೊಟ್ಟು, ಗೆರೆಯೇ ಇಲ್ಲ. ಕೃಷ್ಣಮೋಹನರು ಮೂರು ಸಲ ಒತ್ತಿಸಿದರು.

"ಎಣ್ಣೆ ತಿಂದಿದೆ ಸಾರ್," ಎಂದರು ಸೀತು.

"ಹಾಗಾದ್ರೆ ಇದು ನೀವೇ ಅಂತ ಬ್ಯಾಂಕಿಗೆ ಗೊತ್ತಾಗುದು ಹೇಗೆ?"

ಹಿಂದಿನಿಂದ ಸಾರಮ್ಮ: "ಮುಖ ನೋಡಿಕೊಳ್ಳಿ ಸಾರ್. ಮುಖ ಇನ್ನೂ ಉಂಟಲ್ಲ."

ಅಗೆಯುವ ಕೆಲಸ ಶುರುವಾಯಿತು. ಜಾಗಕ್ಕೆ ಹಗ್ಗ ಎಳೆದು ಅಳೆದಾಗ ಕಪ್ಪಾಗಿದ್ದ ಭಾಗದಲ್ಲಿ ಎಂಬತ್ತಾರು ಚೌಕ. ಎಲ್ಲಿಯವರೆಗೆ ಅಗೆದರೆ ಸಾಕು? ಕಣ್ಣಿಗೆ ಕೆಂಪಾಗಿ ಕಾಣುವ ಮಣ್ಣಿನಲ್ಲೂ ಎಣ್ಣೆ ಇರುತ್ತದೆ. ಪರೀಕ್ಷೆಗೆಂದು ಎರಡು ಡಬ್ಬಿ ಮಣ್ಣು ಬೆಂಗಳೂರಿಗೆ ಹೋಯಿತು. ಒಂದು ಡಬ್ಬಿಗೆ ಇಷ್ಟು ಎಂದು ಮೊದಲು ಹಣದ ಪಟ್ಟಿ ಬಂತು. ಎಂಬತ್ತಾರು ಡಬ್ಬಿಗೆ ಲೆಕ್ಕ ಹಾಕಿದರೆ ಮೊದಲ ಕಂತು ಅದಕ್ಕೇ ಮುಗಿಯುತ್ತಿತ್ತು. ಆಗ ಸೀತು ತಮ್ಮ ತೋಳು ತಿರುಗಿಸಿ ತೋರಿಸಿದರು. ಅಂಗೈ ಸತ್ತಿದ್ದರೂ ಮೊಣಕೈಯ ಒಳಮಡಿಕೆಯ ಚರ್ಮ ಮಗುವಿನದರಂತೆ ಇತ್ತು. ಅಲ್ಲಿ ಒಂದು ರಾತ್ರಿ ಮಣ್ಣು ಕಟ್ಟಿಕೊಂಡರೆ ಎಣ್ಣೆ ಇದ್ದದ್ದು ಬೆಳಗ್ಗೆ ತಿಳಿಯುತ್ತದೆ.

"ಕಾರ್ಖಾನೆಯಲ್ಲಿರುವಾಗ ಹೊಸ ಸೀರೆಗೆ ಎಣ್ಣೆ ತಾಗಿದೆಯಾ ಅಂತ ನಾವು ಹಾಗೇ ನೋಡುದು," ಎಂದು ಸೀತು ಹೇಳುತ್ತಾರೆ. "ಅದರಲ್ಲಿ ಎಂತ ದೊಡ್ಡ ಬುದ್ಧಿ ಇಲ್ಲ."

ಎರಡು ತೋಳು, ರಾತ್ರಿಗೆ ಎರಡು ಚೌಕ. ಬೊಕ್ಕೆ ಬಂದರೆ ಆ ಚೌಕದಲ್ಲಿ ಕರಿ ಕಡ್ಡಿ, ಬರದಿದ್ದರೆ ಸುಣ್ಣ ಹಚ್ಚಿದ ಕಡ್ಡಿ. ಕರಿ ಕಡ್ಡಿ ಇದ್ದಲ್ಲಿ ಇನ್ನೊಂದು ಅಡಿ ಅಗೆದು ಮತ್ತೆ ಪರೀಕ್ಷೆ. ಹೆಂಗಸರೇ ಕೂಲಿ ಇಲ್ಲದೆ ಮಣ್ಣು ಹೊತ್ತರು. ಎಣ್ಣೆ ಆಗದ ಸಾರಮ್ಮ ಮಾತ್ರ ಗುಂಡಿಗೆ ಇಳಿಯದೆ ಎಲ್ಲರಿಗೂ ಗಂಜಿ ಬೇಯಿಸಿದರು. ನೂರ ಎಪ್ಪತ್ತು ಲೋಡು ಕಪ್ಪು ಮಣ್ಣು ಲಾರಿಯಲ್ಲಿ ಇಟ್ಟಿಗೆ ಗೂಡಿಗೆ ಹೋಗಿ ಅಲ್ಲಿ ಉರಿಯಿತು. ನೂರ ಇಪ್ಪತ್ತೈದು ರಾತ್ರಿ ಸೀತು ಮಣ್ಣು ಕಟ್ಟಿಕೊಂಡು ಮಲಗಿದರು. ಒಂದು ಬೊಕ್ಕೆ ಒಣಗುವ ಮುಂಚೆ ಅದರ ಪಕ್ಕದಲ್ಲಿ ಇನ್ನೊಂದು. ಕಟ್ಟಡ ಕಾಣುವವರಿಗೆ ಈ ಲೆಕ್ಕ ಕಾಣುವುದಿಲ್ಲ.

ಮಾರ್ಚ್ ಕೊನೆಗೆ ಉಳಿದದ್ದು ಎರಡೇ ಚೌಕ, ಕಾರ್ಖಾನೆಯ ಕಾಲದಲ್ಲಿ ಎಣ್ಣೆಯ ತೊಟ್ಟಿ ಇದ್ದ, ರಸ್ತೆ ಬದಿಯ ಮೂಲೆ. ಐದು ಅಡಿ ಅಗೆದರೂ ತುರಿಕೆ ನಿಲ್ಲಲಿಲ್ಲ. ಇಪ್ಪತ್ತಾರನೆಯ ರಾತ್ರಿ ಮಾತ್ರ ಏನೂ ಆಗಲಿಲ್ಲ. ಇಪ್ಪತ್ತೇಳಕ್ಕೂ ಆಗಲಿಲ್ಲ. ಸೀತು ಆ ಬೆಳಗ್ಗೆ ಓಣಿಯ ತುದಿಯಿಂದಲೇ ಆಲೀಸರಿಗೆ ಕೂಗಿ ಹೇಳಿದರು. ಆಲೀಸ್ ಪತ್ರ ಬರೆದರು. ಕೃಷ್ಣಮೋಹನರು, "ಸೀತಕ್ಕ, ಖಂಡಿತಾ ಅಲ್ವಾ? ಇದಕ್ಕೆ ಸೈನು ನನ್ನದು," ಎಂದು ಕೇಳಿದರು. "ಖಂಡಿತ ಸಾರ್," ಎಂದರು ಸೀತು. ಎರಡನೆಯ ಕಂತು ಬಂತು. ಏಪ್ರಿಲ್ ನಡುವಿನ ಬಿಸು ಹಬ್ಬದ ಮರುದಿನ ಕೆಂಪು ಮಣ್ಣಿನ ಲಾರಿಗಳು ಬಂದು ಗುಂಡಿ ತುಂಬಿಸುವುದೆಂದೂ, ಆಮೇಲೆ ಪಂಚಾಂಗ ಹಾಕುವುದೆಂದೂ ನಿಶ್ಚಯವಾಯಿತು.

ಇಲ್ಲಿಯವರೆಗಿನದು ಆ ಓಣಿಯಲ್ಲಿ ಹಲವರಿಗೆ ಗೊತ್ತಿರುವ ಕಥೆ. ಮುಂದಿನದರ ಬಗ್ಗೆ ಸೀತು ಈ ವರ್ಷದವರೆಗೆ ಬಾಯಿ ಬಿಟ್ಟಿರಲಿಲ್ಲ. ಐದು ವರ್ಷದ ಸಾಲ ಈ ಬಿಸುವಿಗೆ ತೀರಿದೆ. ಕೃಷ್ಣಮೋಹನರು ವರ್ಗವಾಗಿ ಹೋಗಿದ್ದಾರೆ. ಸಾರಮ್ಮ ಕಳೆದ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ದಮ್ಮು ಹೆಚ್ಚಾಗಿ ತೀರಿಕೊಂಡರು. "ಈಗ ಪೇಪರಿನಲ್ಲಿ ಬರೆದರೆ ಯಾರಿಗೂ ನಷ್ಟ ಇಲ್ಲ," ಎಂದು ಸೀತು ಎಣಿಸಿ ಎಣಿಸಿ ಹೇಳುತ್ತಾರೆ. "ಆಲೀಸ್ ಚೇಚಿ ಬೈಯಬಹುದು. ಬೈಯಲಿ. ನನ್ನ ಫೋಟೋ ಬೇಡ. ಹಾಕುದಾದ್ರೆ ಸಾರಮ್ಮಂದು ಹಾಕಿ. ಆದ್ರೆ ಅವಳದ್ದು ಒಂದು ಫೋಟೋವೂ ಇಲ್ಲ. ಹೆಸರಾದರೂ ಬರಲಿ."

ಬಿಸುವಿಗೆ ಇನ್ನೂ ಎಂಟು ದಿನ ಇದ್ದ ಒಂದು ಸಂಜೆ. ಸೀತು ಗಂಜಿ ಬಸಿಯುತ್ತಿದ್ದಾರೆ. ಮುಚ್ಚಳ ಜಾರಿ ಕುದಿಯುವ ತಿಳಿ ತೋಳಿನ ಮೇಲೆ ಚೆಲ್ಲುತ್ತದೆ. ಸೀತು ಮುಚ್ಚಳವನ್ನು ಸರಿಯಾಗಿಟ್ಟು ಬಸಿಯುವುದನ್ನು ಮುಂದುವರಿಸುತ್ತಾರೆ. ಬಾಗಿಲಲ್ಲಿ ಕುಳಿತಿದ್ದ ಚನಿಯಪ್ಪ ಎದ್ದು ನಿಲ್ಲುತ್ತಾರೆ.

"ಎಂತ ಮಾರಾಯ್ತಿ, ಕೈ ಬೆಂದುಹೋಯ್ತಲ್ಲ. ಗೊತ್ತಾಗುದಿಲ್ವಾ?"

ಸೀತು ತೋಳನ್ನು ನೋಡುತ್ತಾರೆ. ಮೊಣಕೈಯ ಮಡಿಕೆಯಲ್ಲಿ ಚರ್ಮ ಕೆಂಪಾಗಿ ಏಳುತ್ತಿದೆ. ಚಿವುಟುತ್ತಾರೆ. ಇನ್ನೊಂದು ತೋಳನ್ನೂ ಚಿವುಟುತ್ತಾರೆ. ಎರಡೂ ಕಡೆ ಯಾರದೋ ಚರ್ಮ ಮುಟ್ಟಿದ ಹಾಗೆ. ನೂರ ಇಪ್ಪತ್ತೈದು ರಾತ್ರಿಯ ಬೊಕ್ಕೆಗಳು ಒಣಗಿ ಒಣಗಿ, ಮಡಿಕೆಯ ಚರ್ಮವೂ ಅಂಗೈಯಂತೆ ಆಗಿಬಿಟ್ಟಿದೆ. ಹಾಗಾದರೆ ಇಪ್ಪತ್ತಾರರ ರಾತ್ರಿ ತುರಿಸದೆ ಇದ್ದದ್ದು ಮಣ್ಣು ಚೆನ್ನಾಗಿದ್ದುದರಿಂದಲೋ, ಕೈ ಸತ್ತದ್ದರಿಂದಲೋ?

ಆ ರಾತ್ರಿ ಅವರು ನಿದ್ದೆ ಮಾಡುವುದಿಲ್ಲ. ಮರುದಿನ ಪೇಟೆಗೆ ಹೋಗಿ, ಮೂಲೆಯ ಎರಡು ಚೌಕದ ತಳದಿಂದ ಮಣ್ಣು ತಂದು, ಈ ಸಲ ಮಂಡಿಯ ಹಿಂದೆ ಕಟ್ಟಿಕೊಳ್ಳುತ್ತಾರೆ. ಅಲ್ಲಿ ಇನ್ನೂ ಯಾವ ಗಾಯವೂ ಆಗಿಲ್ಲ. ರಾತ್ರಿ ಒಂದು ಗಂಟೆಗೇ ತುರಿಕೆ ಶುರುವಾಗುತ್ತದೆ. ಬೆಳಗ್ಗೆ ಹನ್ನೊಂದು ಬೊಕ್ಕೆ.

ಹೇಳಿದರೆ ಏನಾಗುತ್ತದೆ ಎಂದು ಸೀತುವಿಗೆ ಚೆನ್ನಾಗಿ ಗೊತ್ತು. ಪತ್ರ ಸುಳ್ಳಾಗುತ್ತದೆ. ಆಲೀಸ್ ನೇರ ಹೆಂಗಸು, ತಿಳಿದ ಮೇಲೆ ಬ್ಯಾಂಕಿಗೆ ಹೇಳದೆ ಇರಲಾರರು. ಬ್ಯಾಂಕು ನಲವತ್ತೈದು ಸಾವಿರ ವಾಪಸು ಕೇಳುತ್ತದೆ, ಜಾಗ ಹೋಗುತ್ತದೆ. ಸೈನು ಹಾಕಿದ ಹುಡುಗನ ಕೆಲಸಕ್ಕೂ ಸಂಚಕಾರ. ಹೇಳದಿದ್ದರೆ, ಆ ಮೂಲೆಯಲ್ಲಿ ಬರುವ ಒಂಬತ್ತನೆಯ ಕೋಣೆ ಸುಡುವ ಮಣ್ಣಿನ ಮೇಲೆ ನಿಲ್ಲುತ್ತದೆ; ಮಳೆಗಾಲದಲ್ಲಿ ನೆಲದಿಂದ ಒಸರು ಎದ್ದು ಅಲ್ಲಿ ಕೂರುವವರ ಕಾಲು ಸುಡುತ್ತದೆ. ಸೀತು ಮೂರನೆಯ ದಾರಿ ಹಿಡಿಯುತ್ತಾರೆ. ತಮ್ಮ ಮಾತನ್ನು ತಾವೇ ನಿಜ ಮಾಡುವುದು. ಇರುವುದು ಐದು ಬೆಳಗ್ಗೆ.

ಚನಿಯಪ್ಪನವರಿಗೆ ಆಗ ಬಸ್ ಸ್ಟ್ಯಾಂಡಿನಲ್ಲಿ ತರಕಾರಿ ಲಾರಿ ಇಳಿಸುವ ಕೆಲಸ. ಮೂರು ಗಂಟೆಗೆ ಇಬ್ಬರೂ ಮನೆಯಿಂದ ನಡೆದು ಹೊರಡುತ್ತಾರೆ. ಪೇಟೆ ಮುಟ್ಟಿದ ಮೇಲೆ ಅವರು ಲಾರಿಯ ಕಡೆಗೆ, ಇವರು ಓಣಿಯ ಕಡೆಗೆ. "ನಿನ್ನ ಕೈ, ನಿನ್ನ ಮಾತು," ಎಂದಷ್ಟೇ ಚನಿಯಪ್ಪ ಹೇಳಿದ್ದು. "ನಾನು ಎಂತ ಹೇಳುದು?"

ಗುಂಡಿಯ ತಳದಲ್ಲಿ ಕೆಂಪು ಮುರಕಲ್ಲಿನ ಹಾಸು ಇದೆ. ಕಲ್ಲಿನ ನಡುವೆ ಒಂದು ಬಿರುಕು, ಬಿರುಕಿನೊಳಗೆ ಕಪ್ಪು ಜೇಡಿ. ಎಣ್ಣೆ ಹರಿದದ್ದು ಆ ದಾರಿಯಲ್ಲಿ. ಸೀತು ಪಿಕ್ಕಾಸಿನಿಂದ ಬಿರುಕನ್ನು ಬಿಡಿಸಿ, ಕಪ್ಪು ಜೇಡಿಯನ್ನು ಬುಟ್ಟಿಗೆ ತುಂಬಿ, ಲಾರಿಗೆ ಕಾಯುತ್ತಿದ್ದ ಹಳೆಯ ರಾಶಿಯ ಮೇಲೆ ಹಾಕುತ್ತಾರೆ. ರಾಶಿ ಸ್ವಲ್ಪ ದೊಡ್ಡದಾದರೆ ಯಾರಿಗೂ ಗೊತ್ತಾಗುವುದಿಲ್ಲ.

ಎರಡನೆಯ ಬೆಳಗ್ಗೆ ಗುಂಡಿಯ ಅಂಚಿನಲ್ಲಿ ಒಂದು ಲಾಟೀನು ಬಂದು ನಿಲ್ಲುತ್ತದೆ. ಸಾರಮ್ಮ. ಗಂಡ ತೀರಿಕೊಂಡ ಮೇಲೆ ಅವರ ಜೀವನ ನಡೆಯುವುದು ಹೋಟೆಲುಗಳಿಗೆ ಪತ್ತಿರಿ ಎಂಬ ತೆಳು ಅಕ್ಕಿರೊಟ್ಟಿ ತಟ್ಟಿ ಕೊಟ್ಟು. ಅಕ್ಕಿ ಹಿಟ್ಟು ನಾದಲು ನಾಲ್ಕಕ್ಕೇ ಏಳುವವರಿಗೆ ಪಿಕ್ಕಾಸಿನ ಸದ್ದು ಕೇಳಿದೆ.

"ಎಂತ ಸೀತಕ್ಕ, ನಿಧಿ ಉಂಟಾ ಕೆಳಗೆ?"

ಸೀತುವಿನ ಬಾಯಿಗೆ ಬಂದದ್ದು ಒಂದು ಸುಳ್ಳು. "ಕರಿಮಣಿ ಬಿತ್ತು ಮಾರಾಯ್ತಿ. ನಿನ್ನೆ ನೋಡ್ಲಿಕ್ಕೆ ಇಳಿದಾಗ." ಹೇಳುತ್ತಲೇ ಸೆರಗನ್ನು ಕುತ್ತಿಗೆಗೆ ಎಳೆದುಕೊಳ್ಳುತ್ತಾರೆ.

"ಚನಿಯಪ್ಪಣ್ಣ ಗಟ್ಟಿ ಇದ್ದಾರಲ್ಲ, ಮತ್ತೆ ಎಂತ ಹೆದರಿಕೆ?" ಎಂದು ಸಾರಮ್ಮ ನಗುತ್ತಾರೆ. ಆಮೇಲೆ ಲಾಟೀನನ್ನು ಎತ್ತಿ ಕೆಳಗೆ ಸ್ವಲ್ಪ ಹೊತ್ತು ನೋಡುತ್ತಾರೆ. ಸೀತುವನ್ನು, ಬುಟ್ಟಿಯನ್ನು, ಬಿರುಕನ್ನು. ಸೀರೆ ಎತ್ತಿ ಸಿಕ್ಕಿಸಿಕೊಂಡು ಏಣಿ ಇಳಿಯುತ್ತಾರೆ.

ಇಳಿಯಬೇಡ ಎನ್ನಬೇಕು. ನಿನ್ನ ಮೈಗೆ ಆಗುವುದಿಲ್ಲ ಎನ್ನಬೇಕು. ಆದರೆ ಜಾಗ ಶುದ್ಧವಾಗಿದೆ ಎಂದು ಊರಿಗೆಲ್ಲ ಹೇಳಿದವರೇ ಸೀತು. ಶುದ್ಧವಾದ ಮಣ್ಣಿಗೆ ಇಳಿಯಬೇಡ ಎಂದು ಯಾವ ಬಾಯಿಂದ ಹೇಳುವುದು? ಆ ಒಂದು ಮಾತು ಹೊರಗೆ ಬಂದರೆ ಉಳಿದದ್ದೆಲ್ಲ ಹಿಂದೆಯೇ ಬರುತ್ತದೆ. ಅಷ್ಟರಲ್ಲಿ ಸಾರಮ್ಮ ಮಂಡಿಯೂರಿ ಬಿರುಕಿನೊಳಗೆ ಬರಿಗೈ ಹಾಕಿಯಾಗಿದೆ.

ಒಂದು ಗಂಟೆ ಇಬ್ಬರೂ ಕೆಲಸ ಮಾಡುತ್ತಾರೆ. ಸೀತು ಅಗೆಯುತ್ತಾರೆ, ಸಾರಮ್ಮ ಬಾಚಿ ಬುಟ್ಟಿಗೆ ತುಂಬುತ್ತಾರೆ, ಹೊತ್ತು ಮೇಲೆ ಹೋಗಿ ರಾಶಿಗೆ ಸುರಿದು ಬರುತ್ತಾರೆ. ಮಣಿ ಹುಡುಕುವವರು ಮಣ್ಣನ್ನು ಬೆರಳಲ್ಲಿ ಸೋಸಬೇಕು. ಸಾರಮ್ಮ ಒಂದು ಸಲವೂ ಸೋಸಲಿಲ್ಲ ಎಂಬುದು ಸೀತುವಿಗೆ ಹೊಳೆದದ್ದು ಬಹಳ ತಡವಾಗಿ.

ಬೆಳಕು ಹರಿಯುವ ಹೊತ್ತಿಗೆ ಸಾರಮ್ಮ, "ನನ್ನ ಹಿಟ್ಟು ಒಣಗ್ತದೆ," ಎಂದು ಎದ್ದು ಹೋಗುತ್ತಾರೆ. ಆ ದಿನ ಅವರು ಎಂದಿನಂತೆ ನೂರ ಐವತ್ತು ಪತ್ತಿರಿ ತಟ್ಟುತ್ತಾರೆ. ಮರುದಿನ ಅರವತ್ತು. ಅದರ ಮರುದಿನ ಅವರ ಎರಡೂ ಕೈ ಮೊಣಕೈವರೆಗೆ ಊದಿ, ಮುಖ ಊದಿ, ಕಣ್ಣು ಗೆರೆಯಷ್ಟಾಗಿ, ನೆರೆಮನೆಯವರು ರಿಕ್ಷಾದಲ್ಲಿ ಆಸ್ಪತ್ರೆಗೆ ಸೇರಿಸುತ್ತಾರೆ.

ಸೀತುವಿಗೆ ಸುದ್ದಿ ತಿಳಿಯುವುದು ಹತ್ತು ಗಂಟೆಗೆ. ಬಿರುಕು ಇನ್ನೂ ಒಂದು ಗೇಣು ಉಳಿದಿದೆ. ಅದನ್ನು ಬಿಟ್ಟು ಆಸ್ಪತ್ರೆಗೆ ನಡೆಯುತ್ತಾರೆ. ದಾರಿಯುದ್ದಕ್ಕೂ ಅವರ ಮನಸ್ಸಿನಲ್ಲಿ ಒಂದೇ. ಆಲೀಸ್ ಚೇಚಿಗೆ ಹೇಳಿಬಿಡುವುದು, ಇವತ್ತೇ. ಸಂಘ ಹೋದರೆ ಹೋಗಲಿ, ಜಾಗ ಹೋದರೆ ಹೋಗಲಿ. ಒಬ್ಬಳ ಕೈ ತೆಗೆದು ಇನ್ನೊಬ್ಬಳ ಮಾತು ಉಳಿಸುವುದು ಯಾವ ನ್ಯಾಯ?

ಆ ಒಂಬತ್ತನೆಯ ಕೋಣೆ ಈಗಲೂ ಇದೆ. ಅದರಲ್ಲಿ ಒಬ್ಬ ದರ್ಜಿಯ ಅಂಗಡಿ, ತಿಂಗಳಿಗೆ ನೂರ ಎಪ್ಪತ್ತೈದು ರೂಪಾಯಿ ಬಾಡಿಗೆ. ಹಬ್ಬದ ಹಿಂದಿನ ಬೆಳಗ್ಗೆ ಬಿರುಕಿನ ಕೊನೆ ಸಿಕ್ಕಿತು, ಆ ರಾತ್ರಿ ಮಂಡಿ ಸುಮ್ಮನಿತ್ತು, ಬೆಳಗ್ಗೆ ಚರ್ಮ ಕೆಂಪಾಗಿರಲಿಲ್ಲ. ಐದು ಮಳೆಗಾಲ ಕಳೆದರೂ ಆ ನೆಲದಿಂದ ಯಾರಿಗೂ ಏನೂ ಆಗಿಲ್ಲ. ಆದರೂ ಸೀತು ಆ ದಾರಿಯಲ್ಲಿ ಹೋದಾಗಲೆಲ್ಲ ದರ್ಜಿಯ ಪಾದ ನೋಡುತ್ತಾರೆ. ತೋಳಿನಲ್ಲಿ ಇಂದಿಗೂ ಬಿಸಿ ತಂಪು ತಿಳಿಯುವುದಿಲ್ಲ. ಎಡಮಂಡಿಯ ಹಿಂದಿನ ಚರ್ಮವೂ ಗಟ್ಟಿಯಾಗುತ್ತಿದೆ, ಬಲಮಂಡಿ ಇನ್ನೂ ಉಂಟು ಎನ್ನುತ್ತಾರೆ. ಈಗ ಒಂದೊಂದು ಜಾಗಕ್ಕೆ ಹೊರಡುವ ಮುಂಚೆ, ಮೊದಲು ಕಾರ್ಖಾನೆಯ ಹಳೆಯ ಸಿಪ್ಪೆಯೊಂದನ್ನು ಮಂಡಿಗೆ ಮುಟ್ಟಿಸಿ, ಚರ್ಮ ಸುಡುತ್ತದೆ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಕಡಬದಿಂದ ಡೇವಿಸ್ ಎಂಬವರು ರಬ್ಬರ್ ಹಾಲಿಗೆ ಆಸಿಡ್ ಹಾಕುತ್ತಿದ್ದ ಅಂಗಳ ನೋಡಲು ಕರೆದಾಗ ಒಪ್ಪಲಿಲ್ಲ. "ಅದು ನನ್ನ ಚರ್ಮಕ್ಕೆ ಗೊತ್ತಾಗುದಿಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತುಂಟು ಹೇಳಿದ್ದು ಒಂದು ಸಲ ಸಾಕು."

ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಐದು ವರ್ಷದ ಹಿಂದಿನ ಆ ದಿನ, ಸೀತುವಿಗಿಂತ ಮುಂಚೆ ಆಲೀಸ್ ಬಂದು ಕುಳಿತಿದ್ದಾರೆ. ಸ್ಟೂಲಿನ ಮೇಲೆ ಬ್ರೆಡ್ಡು, ಒಂದು ಫ್ಲಾಸ್ಕು. ಸಾರಮ್ಮನ ಎರಡು ಕೈಗೂ ಬಿಳಿ ಬಟ್ಟೆ ಸುತ್ತಿದ್ದಾರೆ. ಸೀತು ಮಂಚದ ಕಾಲಬುಡದಲ್ಲಿ ನಿಂತು, "ಚೇಚಿ, ಒಂದು ವಿಷಯ ಹೇಳ್ಲಿಕ್ಕುಂಟು," ಎಂದು ಬಾಯಿ ತೆರೆಯುವುದಕ್ಕೂ, ಆಲೀಸ್ ಸಾರಮ್ಮನ ಕಡೆಗೆ ಬಾಗಿ ಕೇಳುವುದಕ್ಕೂ ಸರಿಹೋಗುತ್ತದೆ.

"ನಿಜ ಹೇಳು ಸಾರಮ್ಮ. ಇದು ಎಣ್ಣೆಯದ್ದೇ. ನಾನು ಎಷ್ಟು ಸಲ ಕಂಡಿಲ್ಲ? ಎಲ್ಲಿ ಮುಟ್ಟಿದ್ದು ನೀನು?"

ಸಾರಮ್ಮ ಊದಿದ ತುಟಿಯಲ್ಲಿ ನಿಧಾನವಾಗಿ ಹೇಳುತ್ತಾರೆ. "ಆಸೆ ಆಯ್ತು ಚೇಚಿ. ಹಸಿ ಗೇರುಬೀಜ ಬಂತಲ್ಲ ಈಗ. ಒಲೆಯಲ್ಲಿ ನಾಲ್ಕು ಸುಟ್ಟೆ. ಒಡೆಯುವಾಗ ಬೂದಿ ಹಚ್ಚಲಿಕ್ಕೆ ಮರೆತುಹೋಯ್ತು."

"ನಾಲ್ಕು ಬೀಜಕ್ಕೆ ಹೀಗೆ ಆಗುದಾ?"

"ನಲವತ್ತು ಇರಬಹುದು. ನಾನು ಲೆಕ್ಕದಲ್ಲಿ ಸ್ವಲ್ಪ ಹಿಂದೆ."

"ನಿನಗೆ ಬುದ್ಧಿ ಇಲ್ಲ. ಈ ವಯಸ್ಸಿನಲ್ಲಿ ನಾಲಿಗೆ ಚಪಲ." ಆಲೀಸರಿಗೆ ಸಿಟ್ಟು ಬಂದಿದೆ, ಸಮಾಧಾನವೂ ಆಗಿದೆ. ಅವರು ಕೇಳಲು ಹೆದರುತ್ತಿದ್ದ ಉತ್ತರ ಬೇರೆ ಇತ್ತು ಎಂದು ಮುಖದಲ್ಲಿ ಕಾಣುತ್ತದೆ. "ನೀನು ಎಂತ ಹೇಳ್ಲಿಕ್ಕುಂಟು ಹೇಳಿದ್ದು ಸೀತು?"

ಸೀತು ಸಾರಮ್ಮನನ್ನು ನೋಡುತ್ತಾರೆ. ಗೆರೆಯಷ್ಟೇ ತೆರೆದ ಕಣ್ಣಿನಲ್ಲಿ ಏನಿದೆಯೆಂದು ತಿಳಿಯುವುದಿಲ್ಲ. ಬಟ್ಟೆ ಸುತ್ತಿದ ಒಂದು ಕೈ ಮಾತ್ರ ಹೊದಿಕೆಯ ಮೇಲೆ ಸ್ವಲ್ಪ ಅಲುಗುತ್ತದೆ, ಬೇಡ ಎಂಬ ಹಾಗೆ.

"ಗಂಜಿ ತರ್ತೇನೆ ಅಂತ ಹೇಳ್ಲಿಕ್ಕೆ," ಎನ್ನುತ್ತಾರೆ ಸೀತು.

ಆಲೀಸ್ ನರ್ಸನ್ನು ಹುಡುಕಿ ಹೋದ ಮೇಲೆ ಸ್ವಲ್ಪ ಹೊತ್ತು ಇಬ್ಬರೇ. ಪಕ್ಕದ ಮಂಚದಲ್ಲಿ ಒಂದು ಮಗು ಅಳುತ್ತಿದೆ.

"ಕರಿಮಣಿ ನಿನ್ನ ಕುತ್ತಿಗೆಯಲ್ಲೇ ಇತ್ತು ಸೀತಕ್ಕ," ಎನ್ನುತ್ತಾರೆ ಸಾರಮ್ಮ. "ಲಾಟೀನು ಹಿಡಿದವಳಿಗೆ ಕಾಣುದಿಲ್ವಾ?"

"ಗೊತ್ತಿದ್ದೂ ಯಾಕೆ ಇಳಿದದ್ದು?"

"ನೀನು ಒಬ್ಬಳೇ ಇದ್ದಿ." ಅಷ್ಟು ಹೇಳಿ ಸಾರಮ್ಮ ಉಸಿರು ತೆಗೆದುಕೊಳ್ಳುತ್ತಾರೆ. "ಆ ಬಿರುಕು ಮುಗಿಯಿತಾ?"

"ಇಲ್ಲ. ಒಂದು ಗೇಣು ಉಂಟು."

"ಮತ್ತೆ ಇಲ್ಲಿ ನಿಂತು ಎಂತ ಮಾಡುದು? ಮೂರು ವಾರ ಪತ್ತಿರಿ ತಟ್ಟಲಿಕ್ಕಿಲ್ಲ ಹೇಳಿದ್ದಾರೆ ಡಾಕ್ಟ್ರು. ಅಷ್ಟು ಕೊಟ್ಟಾಯ್ತು ಅದಕ್ಕೆ. ಈಗ ನೀನು ಹೋಗಿ ಬಾಯಿ ಬಿಟ್ಟರೆ ನಾನು ಕೊಟ್ಟದ್ದು ನೀರಿಗೆ."

ಸೀತು ಹೊರಗೆ ಬರುತ್ತಾರೆ. ಜಗಲಿಯಲ್ಲಿ ಆಲೀಸ್ ಎದುರಾಗುತ್ತಾರೆ, ಮದ್ದಿನ ಚೀಟಿ ಕೈಯಲ್ಲಿದೆ. "ಬೀಜ ಸುಟ್ಟದ್ದಂತೆ," ಎಂದು ಮತ್ತೊಮ್ಮೆ ಹೇಳುತ್ತಾರೆ, ಯಾರಾದರೂ ಅಲ್ಲ ಎನ್ನುತ್ತಾರೋ ಎಂದು ಕಾಯುವವರ ಹಾಗೆ. ಸೀತು, "ಹೌದಂತೆ ಚೇಚಿ," ಎನ್ನುತ್ತಾರೆ. ಅಷ್ಟು ಹೇಳಿ ಮೆಟ್ಟಿಲು ಇಳಿಯುತ್ತಾರೆ. ಕೃಷ್ಣಮೋಹನರು ನಾಳೆ ಜಾಗ ನೋಡಲು ಬಂದಾಗಲೂ ಹೀಗೆಯೇ ಹೇಳಬೇಕು, ಸಂಘದ ಉಳಿದ ಹತ್ತೊಂಬತ್ತು ಹೆಂಗಸರು ಕೇಳಿದಾಗಲೂ ಹೀಗೆಯೇ. ಸಾರಮ್ಮ ಹೇಳಿದ್ದನ್ನು ಸುಳ್ಳು ಮಾಡುವ ಮಾತು ತಮ್ಮ ಬಾಯಿಂದ ಯಾರ ಎದುರೂ ಬರಬಾರದು ಎಂದು ಗಟ್ಟಿ ಮಾಡಿಕೊಂಡು, ಪಿಕ್ಕಾಸು ಬಿಟ್ಟುಬಂದ ಗುಂಡಿಯ ಕಡೆಗೆ ನಡೆಯುತ್ತಾರೆ.